ಒಲೆಯ ಪಕ್ಕದ ಗೂಟ

ಕೋಟು ಕಂಕುಳಲ್ಲಿ ಹಿಡಿಯುತ್ತಿತ್ತು. ದೋಣಿಯಿಂದಿಳಿದು ಕ್ರುಕ್‌ಹೇವನ್ನಿನ ಬಂದರುಕಟ್ಟೆಯ ಪಾಚಿಗಲ್ಲುಗಳ ಮೇಲೆ ಕಾಲಿಟ್ಟಾಗಿನಿಂದ ಜಾಗೊಗೆ ಅದೊಂದೇ ಯೋಚನೆ. ಒಳ್ಳೆಯ ಕೋಟೇ, ಅದರಲ್ಲಿ ಅನುಮಾನವಿಲ್ಲ. ಕಡುನೀಲಿ ಉಣ್ಣೆ, ಮೂಳೆಯ ಗುಂಡಿ, ಮೊಣಕೈಯಲ್ಲಿ ಯಾರೋ ಕೆಂಪು ದಾರದಿಂದ ಅಚ್ಚುಕಟ್ಟಾಗಿ ಹೊಲಿದ ತೇಪೆ. ಆದರೆ ಅದನ್ನು ಹೊಲಿದದ್ದು ಬೇರೆ ಭುಜಗಳಿಗೆ. ಈ ಬಂದರಿನಲ್ಲಿ ಅದನ್ನು ತೊಟ್ಟದ್ದು ಇವತ್ತೇ ಮೊದಲು, ತೊಟ್ಟ ಗಳಿಗೆಯಿಂದ ತಾನು ನಡೆಯುವ ರೀತಿಯೇ ಬದಲಾಗಿದೆ ಎಂದು ಜಾಗೊಗೆ ಅನ್ನಿಸುತ್ತಿತ್ತು. ಎದೆ ತನ್ನಷ್ಟಕ್ಕೆ ತಾನೇ ಮುಂದೆ ಬರುತ್ತಿತ್ತು, ಕುತ್ತಿಗೆ ನೆಟ್ಟಗಾಗುತ್ತಿತ್ತು, ಪರಿಚಯವಿಲ್ಲದ ಒಬ್ಬ ಮನುಷ್ಯ ತನ್ನ ಕಾಲುಗಳ ಮೇಲೆ ನಡೆದುಕೊಂಡು ಗುಡ್ಡ ಹತ್ತುತ್ತಿದ್ದ ಹಾಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಆದರೆ ಈ ಬಂದರಿನಲ್ಲಿ ಕಳ್ಳನಲ್ಲದವನು ಯಾರು, ಯಾರ ಮನಸ್ಸು ಹುಳ್ಳಗಾದದ್ದನ್ನು ಅವನು ಕಂಡಿದ್ದ? ಎಲ್ಲರೂ ಬೇರೆಯವರ ಟೋಪಿ ಹಾಕಿಕೊಂಡು ಬೇರೆಯವರ ವೈನು ಕುಡಿದು ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದರು. ತನಗೊಬ್ಬನಿಗೇ ಏಕೆ ಹೀಗೆ ಕಂಕುಳಲ್ಲಿ ಹಿಡಿಯಬೇಕು?

"ಏನಯ್ಯಾ ಮೇಸ್ತ್ರಿ, ಮದುವೆಗಂಡಿನ ಥರ ಹೆಜ್ಜೆ ಲೆಕ್ಕ ಹಾಕ್ತಿದ್ದೀಯ?" ಎಂದ ಹಿಂದಿನಿಂದ ಪೆಥ್ರಿಕ್. ಅವನು ಹಡಗಿನ ಅಡುಗೆಯವನು, ಜಾಗೊನ ಹಳೆಯ ಸ್ನೇಹಿತ, ಗುಟ್ಟು ಕಾಪಾಡುವುದರಲ್ಲಿ ತೂತು ಬಿದ್ದ ಕೊಡ.

"ಕಲ್ಲು ಜಾರ್ತಿದೆ."

"ಹೂಂ, ನಿನ್ನೆ ಜಾರ್ಲಿಲ್ಲ, ಮೊನ್ನೆ ಜಾರ್ಲಿಲ್ಲ, ಇವತ್ತು ಜಾರ್ತಿದೆ. ಹೇಳು ಮಾರಾಯ, ಇವತ್ತು ಹಾಕ್ತೀಯ ತಾನೆ ಗೂಟಕ್ಕೆ?"

"ಮೆತ್ತಗೆ ಮಾತಾಡೋ."

"ಯಾಕೆ ಮೆತ್ತಗೆ? ಹಡಗಲ್ಲಿರೋ ಇಲಿಗೂ ಗೊತ್ತು. ಕ್ಯಾಪ್ಟನ್ನು ಪಂದ್ಯ ಬೇರೆ ಕಟ್ಟಿದಾನೆ."

ಯಾವ ಕಡೆಗೆ ಕಟ್ಟಿದ್ದಾನೆ ಎಂದು ಕೇಳುವ ಧೈರ್ಯ ಜಾಗೊಗೆ ಆಗಲಿಲ್ಲ. ಹಡಗಿನ ಮೇಲೆ ಅವನು ಗುಡುಗು. ಹಾಯಿ, ಹಗ್ಗ, ಲಂಗರು ಎಲ್ಲವೂ ಅವನ ಸುಪರ್ದಿ. ಬಿರುಗಾಳಿಯಲ್ಲಿ ಅವನು ಒಮ್ಮೆ ಕೂಗಿದರೆ ಮಲಗಿದ್ದವನು ಎದ್ದು ಹಾಯಿಕಂಬ ಹತ್ತಿ ಆಮೇಲೆ ಕಣ್ಣು ಬಿಡುತ್ತಿದ್ದ. ಮೇಸ್ತ್ರಿಯೆಂದರೆ ಹೆದರಿಕೆ ಇರಬೇಕು, ಹೆದರಿಕೆ ಇಲ್ಲದ ಕಡೆ ಗಂಟು ಸಡಿಲವಾಗುತ್ತದೆ ಎಂದು ಅವನಿಗೆ ಕೆಲಸ ಕಲಿಸಿದವನು ಹೇಳಿಕೊಟ್ಟಿದ್ದ, ಹಗ್ಗದ ತುದಿಯಿಂದ ಬೆನ್ನಿನ ಮೇಲೆ ಬರೆದು. ಆ ಕೂಗುವ ಬಾಯಿ ಈಗೀಗ ನೆಲಕ್ಕೆ ಬಂದ ಕೂಡಲೆ ಉಪ್ಪು ಹಾಕಿದ ಬಸವನಹುಳದ ಹಾಗೆ ಮುದುಡುತ್ತಿತ್ತು. ಕಳೆದ ಸುಗ್ಗಿಯ ಹೊತ್ತಿನಲ್ಲಿ ಫಿನೋಲಾಳ ಹೆಂಡದಂಗಡಿಯಲ್ಲಿ ಅವನು ಇನ್ನೊಂದು ಲೋಟ ಬಿಯರಿಗೆಂದು ಹಡಗಿನ ರೂಢಿಯಲ್ಲೇ ಅಬ್ಬರಿಸಿದಾಗ, ಅವಳು ಕೈಯಲ್ಲಿದ್ದ ಹೂಜಿಯನ್ನು ಕೆಳಗಿಟ್ಟು, ಅವನ ಹತ್ತಿರ ಬಂದು, "ಅಯ್ಯಾ, ನೀನು ಕೂಗದೆ ಮಾತಾಡಿದ್ರೆ ನಂಗೆ ಚೆನ್ನಾಗಿ ಕೇಳುತ್ತೆ," ಎಂದಿದ್ದಳು. ಅಷ್ಟೇ. ಬೈಯಲಿಲ್ಲ, ನಗಲಿಲ್ಲ. ಹುಟ್ಟಿದಾಗಿನಿಂದ ಯಾರೂ ಅವನಿಗೆ ಆ ಮಾತು ಹೇಳಿರಲಿಲ್ಲ. ಅವನು ಪಿಸುಗುಟ್ಟುವ ದನಿಯಲ್ಲಿ ಬಿಯರು ಕೇಳಿದ, ಬಂತು. ಆ ರಾತ್ರಿ ಹಡಗಿಗೆ ಮರಳಿದ ಮೇಲೂ ಪಿಸುಗುಟ್ಟಿಯೇ ಲಂಗರು ಎತ್ತಿಸಲು ನೋಡಿದ, ಯಾರಿಗೂ ಕೇಳಿಸದೆ ಲಂಗರು ಅಲ್ಲೇ ಉಳಿಯಿತು.

ಫಿನೋಲಾಳ ಅಂಗಡಿಯಲ್ಲಿ ಒಲೆಯ ಪಕ್ಕದ ಗೋಡೆಗೆ ಒಂದು ಗೂಟ ಹೊಡೆದಿತ್ತು. ಬಾಗಿಲ ಬಳಿ ಬೇಕಾದಷ್ಟು ಗೂಟಗಳಿದ್ದವು, ಒದ್ದೆ ಬಟ್ಟೆಗೆ, ಟೋಪಿಗೆ, ಕತ್ತಿಗೆ. ಆದರೆ ಒಲೆಯ ಪಕ್ಕದ್ದು ಖಾಲಿಯಾಗಿರುತ್ತಿತ್ತು. ಆ ದಡದ ವಿಧವೆಯರೆಲ್ಲರ ಮನೆಯಲ್ಲೂ ಅಂಥದೊಂದು ಇರುತ್ತದೆ. ಕೇಳಬೇಕೆಂದಿರುವ ಗಂಡಸು ಬಾಯಿಬಿಟ್ಟು ಏನೂ ಕೇಳಬೇಕಾಗಿಲ್ಲ, ತನ್ನ ಮೈಮೇಲಿನದೊಂದನ್ನು ತೆಗೆದು ಅದಕ್ಕೆ ತೂಗುಹಾಕಿ ಕೂತರೆ ಸಾಕು. ಅವಳು ಅದನ್ನು ತೆಗೆದು ಅವನ ಕೈಗೆ ಕೊಟ್ಟರೆ ಇಲ್ಲ ಎಂದರ್ಥ, ಜೊತೆಗೆ ಒಂದು ಲೋಟ ಬಿಟ್ಟಿ. ಅಂಗಡಿಯ ಬಾಗಿಲು ಹಾಕುವವರೆಗೂ ಅದು ಅಲ್ಲೇ ಇದ್ದರೆ ಹೂಂ ಎಂದರ್ಥ, ಬಾಗಿಲು ಬಿದ್ದ ಗಳಿಗೆಯಿಂದ ಅವನು ಗಂಡ. ಪಾದ್ರಿ ಬಂದಾಗ ಬರಲಿ. ಹಡಗಿನ ಫಿರಂಗಿ ನೋಡಿಕೊಳ್ಳುವ ತೋಪಿನವನ ಟೋಪಿ ಆ ಗೂಟದಿಂದ ಹಿಂದಕ್ಕೆ ಬಂದಿತ್ತು. ಕ್ಯಾಪ್ಟನ್ನನ ಮಖಮಲ್ಲಿನ ಮೇಲಂಗಿಯೂ ಬಂದಿತ್ತು. ಆಮೇಲೆ ಅವನು ತನ್ನ ಬಿಟ್ಟಿ ಲೋಟವನ್ನು ಎಲ್ಲರಿಗೂ ತೋರಿಸಿಕೊಂಡು ಕುಡಿದ, ಪಂದ್ಯ ಗೆದ್ದವನ ಹಾಗೆ. ಅವರೆಲ್ಲ ಹಾಗೆ ತಡೆದುಕೊಂಡರು. ತನಗೆ ಆಗದು ಎಂದು ಜಾಗೊಗೆ ಗೊತ್ತಿತ್ತು. ಅವಳು ಕೋಟನ್ನು ತಂದು ತನ್ನ ಕೈಗೆ ಕೊಟ್ಟರೆ ಮತ್ತೆ ಈ ಬಂದರಿಗೆ ಬರಲಾರ, ಬಾರದೆ ಇರಲೂ ಆರ.

ಒಳಗೆ ಮೀನೆಣ್ಣೆ, ಹುಳಿ ಬಂದ ಬಾರ್ಲಿ, ಸೌದೆಯ ಬದಲು ಒಣಗಿಸಿ ಉರಿಸುವ ಜವುಗುಮಣ್ಣಿನ ಹೆಂಟೆಯ ಹೊಗೆ. ಮಧ್ಯಾಹ್ನದ ಹೊತ್ತಾದ್ದರಿಂದ ಬಾಗಿಲು ಪೂರ್ತಿ ತೆರೆದಿತ್ತು, ಬಿಸಿಲು ನೆಲದ ಮೇಲೆ ಒಲೆಯವರೆಗೂ ಚಾಚಿಕೊಂಡಿತ್ತು. ಹಡಗಿನ ಅರ್ಧ ಜನ ಆಗಲೇ ಬಂದು ಕೂತಿದ್ದರು, ಎಲ್ಲರೂ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಫಿನೋಲಾ ಹೆಂಚಿನ ಮೇಲೆ ಓಟ್ಸ್ ರೊಟ್ಟಿ ತಿರುವುತ್ತಿದ್ದಳು. ದಪ್ಪ ತೋಳಿನ, ನಗುವಾಗ ಒಂದು ಕಣ್ಣು ಮುಚ್ಚಿಕೊಳ್ಳುವ ಹೆಂಗಸು. ಪ್ರಾಯ ದಾಟಿ ಸ್ವಲ್ಪ ದಿನವಾಗಿತ್ತು, ಅದರ ಬಗ್ಗೆ ಅವಳಿಗೆ ಬೇಸರವಿದ್ದಂತೆ ಕಾಣುತ್ತಿರಲಿಲ್ಲ. ಗಂಡ ಮೀನಿಗೆ ಹೋಗಿ ಮುಳುಗಿದ ಮೇಲೆ ಅಲ್ಲಿನ ಪದ್ಧತಿಯಂತೆ ಮೂರು ಚಳಿಗಾಲ ತಲೆಗೆ ಕಪ್ಪು ಬಟ್ಟೆ ಕಟ್ಟಿದ್ದಳಂತೆ, ಆ ಮೂರು ವರ್ಷ ಆ ಅಂಗಡಿಯಲ್ಲಿ ಒಬ್ಬನೂ ಗಟ್ಟಿಯಾಗಿ ಹಾಡಲಿಲ್ಲವಂತೆ. ಆಮೇಲೆ ಯಾರೋ ಒಬ್ಬ ಪರದೇಶದವನು ಅವಳ ಕಣ್ಣಿಗೆ ಬಿದ್ದಿದ್ದ, ಹೋದವನು ಬರಲಿಲ್ಲ ಎಂದೂ ಜನ ಹೇಳುತ್ತಿದ್ದರು. ಯಾರು ಏನು ಎಂದು ಜಾಗೊ ಕೆದಕಲು ಹೋಗಿರಲಿಲ್ಲ. ಬಂದರೆಂದ ಮೇಲೆ ಬರುವವರು ಹೋಗುವವರು ಇದ್ದದ್ದೇ.

"ಬಾಗಿಲಲ್ಲಿ ಯಾಕಯ್ಯಾ ಕಂಬದ ಥರ ನಿಂತೆ? ಬಿಸಿಲು ನಂಗೂ ಸ್ವಲ್ಪ ಬರ್ಲಿ," ಎಂದಳು, ತಿರುಗಿ ನೋಡದೆ.

ಅವನು ಗುಂಡಿ ಬಿಚ್ಚಿದ. ಮೂಳೆಯ ಗುಂಡಿಗಳು ನುಣುಪಾಗಿ ಜಾರಿ ಬಿಚ್ಚಿಕೊಂಡವು, ಬಿಚ್ಚಿ ಅಭ್ಯಾಸವಿದ್ದ ಹಾಗೆ. ಕಳೆದ ಚಳಿಗಾಲದ ಒಂದು ಬೆಳಗ್ಗೆ ಅವನ್ನು ಬಿಚ್ಚಿದ ಬೆರಳುಗಳು ಬೇರೆಯವು. ದಕ್ಷಿಣದ ಕಡಲಾಚೆಯ ಬ್ರಿಟನಿ ನಾಡಿನ ಒಂದು ಬಡಕಲು ಹಡಗು, ಉಪ್ಪುಮೀನು ತುಂಬಿದ್ದು, ಒಂದು ಗುಂಡೂ ಹಾರಿಸದೆ ಹಾಯಿ ಇಳಿಸಿತ್ತು. ತಮ್ಮ ದೇಶದ ರಾಣಿ ಬದುಕಿದ್ದಾಗ ಬೇರೆಯವರ ಹಡಗು ದೋಚುವ ಇದೇ ಕೆಲಸಕ್ಕೆ ಮೊಹರು ಒತ್ತಿದ ಪರವಾನಗಿ ಇತ್ತು, ಊರಿಗೆ ಬಂದರೆ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದರು. ಹೊಸ ರಾಜ ಬಂದು ವೈರಿಗಳ ಜೊತೆ ರಾಜಿಯಾದ, ಅದೇ ಜನ ಅದೇ ಹಡಗಿನಲ್ಲಿ ಅದೇ ಕೆಲಸ ಮಾಡುತ್ತ ಒಂದೇ ರಾತ್ರಿಯಲ್ಲಿ ದರೋಡೆಕೋರರಾದರು. ಪರವಾನಗಿ ಹೋದರೂ ಪದ್ಧತಿ ಹೋಗಲಿಲ್ಲ. ಹಿಡಿದ ಹಡಗಿನ ಹಾಯಿಕಂಬದ ಬುಡದಲ್ಲಿ ಸಮಕ್ಕೆ ಸಮ: ಅವರ ಅಡುಗೆಯವನ ಹಂಡೆ ಇವರ ಅಡುಗೆಯವನಿಗೆ, ಅವರ ಬಡಗಿಯ ಬಾಚಿ ಇವರ ಬಡಗಿಗೆ, ಅವರ ಮೇಸ್ತ್ರಿಯ ಪೆಟ್ಟಿಗೆ ಮತ್ತು ಮೈಮೇಲಿನ ಬಟ್ಟೆ ಇವರ ಮೇಸ್ತ್ರಿಗೆ. ಜಗಳವಿಲ್ಲ, ಚೌಕಾಸಿಯಿಲ್ಲ. ಆ ಬ್ರಿಟನಿಯ ಮೇಸ್ತ್ರಿ ಕೇಳುವ ಮೊದಲೇ ಕೋಟು ಬಿಚ್ಚಿದ. ಬಿಚ್ಚಿ, ಎಸೆಯಲಿಲ್ಲ, ತೋಳುಗಳನ್ನು ಒಳಗೆ ಮಡಿಸಿ, ನಾಲ್ಕು ಮಡಿಕೆ ಮಾಡಿ, ಮೇಲೆ ಒಮ್ಮೆ ಸವರಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ. ಅದೇ ತಪ್ಪಾದದ್ದು. ಎಸೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಜಾಗೊ ಒಲೆಯ ಕಡೆ ನಡೆದ. ಅಂಗಡಿಯಲ್ಲಿ ಗುಟುಕರಿಸುವ ಸದ್ದೂ ನಿಂತಿತು. ಅವನು ಕೋಟನ್ನು ಗೂಟಕ್ಕೆ ಹಾಕಿ, ಬೆಂಚಿನ ಮೇಲೆ ಕೂತು, ತನ್ನ ಮೊಣಕಾಲುಗಳನ್ನು ನೋಡತೊಡಗಿದ. ಹಾಕಿಯಾಯಿತು. ಇನ್ನು ಮಾಡಬೇಕಾದದ್ದು ಏನೂ ಇಲ್ಲ. ಏನೂ ಮಾಡಬೇಕಾಗಿಲ್ಲದಾಗ ಮನುಷ್ಯನ ಎದೆ ಇಷ್ಟು ಜೋರಾಗಿ ಬಡಿದುಕೊಳ್ಳುವುದು ಯಾವ ನ್ಯಾಯ?

ಫಿನೋಲಾ ರೊಟ್ಟಿ ತಿರುವಿ, ಸೆರಗಿನಂಥ ಮೇಲ್ವಸ್ತ್ರಕ್ಕೆ ಕೈ ಒರೆಸಿಕೊಳ್ಳುತ್ತ ನಗುತ್ತಲೇ ತಿರುಗಿದಳು. ಯಾರ ಸರದಿ ಇವತ್ತು ಎಂದು ಕೇಳುವ ನಗು ಅದು. ಕೋಟು ಕಂಡ ಕೂಡಲೆ ಆ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು, ತೆಗೆಯುವುದನ್ನು ಮರೆತ ಹಾಗೆ. ಹತ್ತಿರ ಹೋಗಿ ಮೊಣಕೈಯ ತೇಪೆಯನ್ನು ಮುಟ್ಟಿದಳು. ಕೆಂಪು ದಾರದ ಮೇಲೆ ಬೆರಳಾಡಿಸಿದಳು. ಕಾಲರು ತಿರುವಿ ಒಳಗೆ ನೋಡಿದಳು.

"ಇದು ನಿಂಗೆಲ್ಲಿ ಸಿಕ್ತು?"

ಜಾಗೊ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತ.

"ಈ ಕೋಟು ಹೊಲಿದೋಳು ನಾನು. ಈ ತೇಪೆ ಹಾಕಿದೋಳು ನಾನು. ಇದೇ ಗೂಟಕ್ಕೆ ಇದನ್ನ ತೂಗುಹಾಕಿದ್ದ ರೋನಾನ್. ಬಾಗಿಲು ಹಾಕಿದ ಮೇಲೂ ಇಲ್ಲೇ ಇತ್ತು." ಅವಳ ದನಿ ಏರಲಿಲ್ಲ. "ಊರಿಗೆ ಹೋಗಿ ಅವ್ವಂಗೆ ಹೇಳಿ ಬರ್ತೀನಿ ಅಂತ ಹೋದ. ಹೇಳಯ್ಯಾ, ಎಲ್ಲಿ ಸಿಕ್ತು? ಅವನು ಏನಾದ?"

ಬಿಸಿಲಿಗೆ ಬಂದು ಕೂತಿದ್ದ ಒಂದು ಕೋಳಿ ಮಾತ್ರ ಏನೋ ಹೇಳಿತು. ಪೆಥ್ರಿಕ್ ಬೆಂಚಿನ ಆಚೆಯಿಂದ ಜಾಗೊನ ಪಕ್ಕೆಗೆ ತಿವಿದು, ಬಾಯಿ ಅಲುಗಿಸದೆ, "ಸತ್ತ ಅನ್ನು. ಮುಗೀತು. ಸತ್ತೋನು ಅಡ್ಡ ಬರಲ್ಲ," ಎಂದ. ಜಾಗೊ ಸುಮ್ಮನಿದ್ದದ್ದು ನೋಡಿ ತಾನೇ ಎದ್ದು, ಅಡುಗೆಮನೆಯ ದುಃಖವನ್ನೆಲ್ಲ ಮುಖಕ್ಕೆ ತಂದುಕೊಂಡು, "ಫಿನೋಲಕ್ಕಾ, ಹೇಳೋಕೆ ನಾಲಿಗೆ ಬರ್ತಿಲ್ಲ," ಎಂದು ಶುರುಮಾಡಿದ. "ಆವತ್ತು ಸಮುದ್ರ ಹೇಗಿತ್ತು ಅಂತೀಯ..."

"ನಿನ್ನ ಕೇಳಿಲ್ಲ. ಅವನನ್ನ ಕೇಳ್ತಿದ್ದೀನಿ."

ಸತ್ತ. ಎಷ್ಟು ಸಣ್ಣ ಮಾತು. ಸಮುದ್ರ ದಿನಾ ಸಾಯಿಸುತ್ತದೆ, ಈ ಅಂಗಡಿಯಲ್ಲಿ ಕೂತವರಲ್ಲಿ ಮುಂದಿನ ಚಳಿಗಾಲಕ್ಕೆ ಯಾರು ಇರುತ್ತಾರೋ. ಅವನೂ ಇಷ್ಟರಲ್ಲಿ ನಿಜವಾಗಿಯೇ ಸತ್ತಿರಬಹುದು, ಹಾಗಾದರೆ ಇದು ಸುಳ್ಳೂ ಅಲ್ಲ, ಸ್ವಲ್ಪ ಅವಸರದ ನಿಜ. ಸತ್ತ ಎಂದರೆ ಇವಳು ಅಳುತ್ತಾಳೆ, ತಾನು ಸಮಾಧಾನ ಮಾಡಬಹುದು. ಬದುಕಿದ್ದಾನೆ ಎಂದರೆ ಬಾಗಿಲು ಬಿದ್ದ ಮೇಲಿನ ಗಂಡ ಅವನು, ತನ್ನ ಕಥೆ ಮುಗಿಯಿತು. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಬದುಕಿದ್ದಾನೆ ಎಂದರೆ ಹೇಗೆ ಬದುಕಿದ, ಆ ಚಳಿಯಲ್ಲಿ ಅಂಗಿಯೊಂದರಲ್ಲಿ ಹೇಗೆ ಬಿಟ್ಟು ಬಂದೆ ಎಂದು ಕೇಳುತ್ತಾಳೆ, ಆಗ ಆ ಇನ್ನೊಂದನ್ನೂ ಹೇಳಬೇಕಾಗುತ್ತದೆ, ಇವರೆಲ್ಲರ ಮುಂದೆ. ಅತ್ತ ದರಿ, ಇತ್ತ ಪುಲಿ. ಅವಳು ಕಾಲರನ್ನು ಇನ್ನೂ ಹಿಡಿದೇ ಇದ್ದಳು. ಅವಳ ಉಗುರಿನ ಸಂದಿಯಲ್ಲಿ ಹಿಟ್ಟಿತ್ತು. ಯಾಕೋ ಆ ಹಿಟ್ಟು ನೋಡಿದ ಮೇಲೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಬದುಕಿದಾನೆ," ಎಂದ ಜಾಗೊ. ಪೆಥ್ರಿಕ್ ಹಣೆಗೆ ಕೈ ಹೊಡೆದುಕೊಂಡದ್ದು ಕೇಳಿಸಿತು. "ಅವ್ರ ಹಡಗು ಹಿಡಿದ್ವಿ. ಕೋಟು ಪದ್ಧತಿ ಪ್ರಕಾರ ನಂಗೆ ಬಂತು. ಅವನಿಗೆ ಒಂದು ಗೀರೂ ಆಗಿಲ್ಲ. ಮೀನು ಇಳಿಸ್ಕೊಂಡು ಹಡಗು ಅವ್ರಿಗೇ ಬಿಟ್ವಿ, ಮನೆ ಕಡೆ ಹೋದ್ರು."

"ಚಳಿಗಾಲದಲ್ಲಾ?"

"ಹೂಂ."

"ಬರೀ ಅಂಗೀಲಿ ಕಳಿಸಿದ್ಯಾ ಅವನನ್ನ?"

ಇಲ್ಲಿಗೆ ಬಂತು. ಎಲ್ಲರೂ ಹಡಗಿನ ಹೊಟ್ಟೆಯಲ್ಲಿ ಮೀನು ಎತ್ತುತ್ತಿದ್ದಾಗ ಆ ಮನುಷ್ಯ ಕಟಕಟೆ ಹಿಡಿದು ನಿಂತಿದ್ದ, ಹಲ್ಲು ಕಟಕಟ ಅನ್ನುತ್ತಿತ್ತು, ಹಾಗಿದ್ದೂ ಜಾಗೊನ ಕಡೆ ನೋಡಿ ಮರ್ಯಾದೆಗೆ ನಗಲು ನೋಡುತ್ತಿದ್ದ. ಜಾಗೊ ಆಚೆ ಈಚೆ ನೋಡಿ, ತನ್ನ ಹಳೆಯ ಕೋಟು ಬಿಚ್ಚಿದ. ಅದು ಕೋಟು ಅನ್ನುವುದೂ ದೊಡ್ಡ ಮಾತು. ಕಾರ್ನ್‌ವಾಲಿನಲ್ಲಿ ಅವನ ತಾಯಿ ತಮ್ಮ ಮನೆಯ ಕುರಿಯ ಉಣ್ಣೆ ನೂತು, ನೇಯಿಸಿ, ಮೈಗಿಂತ ದೊಡ್ಡದಾಗಿ ಹೊಲಿದು ಕೊಟ್ಟದ್ದು, ಇನ್ನೂ ಬೆಳೆಯುತ್ತಾನೆ ಎಂದು. ಅದನ್ನು ಆ ಬ್ರಿಟನಿಯವನಿಗೆ ತೊಡಿಸಿ, ಅವನ ಬೆರಳು ಮರಗಟ್ಟಿದ್ದರಿಂದ ಕುತ್ತಿಗೆಯ ಗುಂಡಿಯನ್ನು ತಾನೇ ಹಾಕಿದ. ಆ ಮನುಷ್ಯ ಏನೋ ಹೇಳಿದ, ಅದು ಜಾಗೊಗೆ ಅರ್ಥವಾಯಿತು. ಅವರ ಮಾತು ಜಾಗೊನ ಅಜ್ಜಿಯ ಮಾತಿಗೆ ಅಷ್ಟು ಹತ್ತಿರ. "ಕುರಿ ವಾಸನೆ," ಎಂದಿದ್ದ ಅವನು. ಜಾಗೊ ನಕ್ಕುಬಿಟ್ಟ. ನಕ್ಕ ಮೇಲೆ ಹೆದರಿದ. ಕೊಳ್ಳೆ ಹೊಡೆಯಲು ಹೋದ ಮೇಸ್ತ್ರಿ ಎದುರಾಳಿಗೆ ಗುಂಡಿ ಹಾಕಿಕೊಟ್ಟ ಎಂದು ಗೊತ್ತಾದರೆ ನಾಳೆ ಯಾವನು ಹಗ್ಗ ಎಳೆಯುತ್ತಾನೆ? ಹಳೆಯ ಕೋಟು ಸಮುದ್ರಕ್ಕೆ ಬಿತ್ತು ಎಂದು ಹಡಗಿನಲ್ಲಿ ಹೇಳಿದ. ಜಗತ್ತೆಲ್ಲ ಗಂಟು ಹಾಕೋನಿಗೆ ಸ್ವಂತ ಕೋಟು ಕಟ್ಟಿಡೋಕೆ ಬರಲಿಲ್ಲ ಎಂದು ಅವರು ತಿಂಗಳುಗಟ್ಟಲೆ ಆಡಿಕೊಂಡರು, ಅದನ್ನು ನುಂಗಿಕೊಂಡ. ಕದ್ದದ್ದಕ್ಕೆ ಅಲ್ಲ, ಕೊಟ್ಟದ್ದಕ್ಕೆ ಅವನು ಇಷ್ಟು ದಿನ ಕಳ್ಳನ ಹಾಗೆ ಅಳುಕುತ್ತಿದ್ದ.

"ನನ್ನ ಹಳೇ ಕೋಟು ಕೊಟ್ಟೆ," ಎಂದ, ನೆಲಕ್ಕೆ.

"ಏನಂದೆ? ಕೇಳಿಸ್ಲಿಲ್ಲ."

"ನನ್ನ ಕೋಟು ಕೊಟ್ಟೆ ಅವನಿಗೆ! ಗುಂಡೀನೂ ಹಾಕ್ದೆ!"

ಈ ಸಲ ಹಡಗಿನ ದನಿಯೇ ಬಂತು. ಕೋಳಿ ಹಾರಿ ಹೊರಗೋಡಿತು. ಆಮೇಲೆ ಪೆಥ್ರಿಕ್, "ಸಮುದ್ರಕ್ಕೆ ಬಿತ್ತು ಅಂದ್ಯಲ್ಲೋ ಪಾಪಿ!" ಎಂದು ಕಿರುಚಿದ. ಅದು ಸಾಕಾಯಿತು. ತೋಪಿನವನು ಮೇಜಿಗೆ ತಲೆಯಿಟ್ಟು ನಕ್ಕ. ಒಬ್ಬ ಎದ್ದು ಪಕ್ಕದವನ ಕುತ್ತಿಗೆಗೆ ಗುಂಡಿ ಹಾಕುವ ಹಾಗೆ ಮಾಡಿ, "ಶೀತ ಆದೀತು ಕಂದಾ," ಎಂದ. ಇನ್ನೊಬ್ಬ, "ಮೇಸ್ತ್ರಿ, ನಂಗೂ ಮೂಗು ಒರೆಸೋ," ಎಂದ. ಜಾಗೊನ ಕಿವಿ ಕಾದ ಹೆಂಚಾಯಿತು. ನೆಲ ಬಾಯಿಬಿಡಬಾರದೇ ಎಂದು ನೋಡಿದ, ಬಿಡಲಿಲ್ಲ. ಆದರೆ ವಿಚಿತ್ರವೆಂದರೆ ಅಷ್ಟು ನಾಚಿಕೆಯ ನಡುವೆಯೂ, ಎಷ್ಟೋ ತಿಂಗಳಾದ ಮೇಲೆ ಅವನು ಸರಾಗವಾಗಿ ಉಸಿರೆಳೆದುಕೊಂಡ.

ಫಿನೋಲಾ ನಗಲಿಲ್ಲ. "ಎಲ್ಲಿಂದ ಹೊರಟಿತ್ತು ಆ ಹಡಗು?" ಎಂದಳು.

"ಬಾಂಟ್ರಿಯಿಂದ. ಮೀನು ಅಲ್ಲೇ ತುಂಬಿಸಿದ್ರಂತೆ."

"ಬಾಂಟ್ರಿ." ಅವಳು ತೆರೆದ ಬಾಗಿಲಾಚೆಯ ಗುಡ್ಡದ ಕಡೆ ನೋಡಿದಳು. ಗುಡ್ಡ ದಾಟಿದರೆ ಬಾಂಟ್ರಿಯ ಕೊಲ್ಲಿ; ಅಲ್ಲಿಂದ ಬೆಣ್ಣೆ ಹೊತ್ತ ಮುದುಕಿಯರೂ ಈ ಕಡೆ ನಡೆದು ಬಂದು ಮಾರಿ ಹೋಗುತ್ತಾರೆ. "ಬಾಂಟ್ರೀಲಿ ಮೀನು ತುಂಬ್ಕೊಂಡ. ಇಲ್ಲಿಗೆ ಬರ್ಲಿಲ್ಲ."

ನಗುತ್ತಿದ್ದವರೂ ಲೋಟದೊಳಗೆ ನೋಡಿಕೊಂಡರು. ನೋವಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಕಣ್ಣಿಗೆ ಬಂದದ್ದನ್ನು ಹಿಟ್ಟಿನ ಕೈಯಿಂದಲೇ ಒರೆಸಿಕೊಂಡಳು. ಜಾಗೊ ಎದ್ದು ನಿಂತ. ತಾನು ನಿಜ ಹೇಳಿ ಮಾಡಿದ್ದೇನು? ಸತ್ತ ಎಂದಿದ್ದರೆ ಒಳ್ಳೆಯವನೊಬ್ಬ ಹೋದ ಎಂದು ಅಳುತ್ತಿದ್ದಳು, ಈಗ ಆ ಒಳ್ಳೆಯವನೂ ಇಲ್ಲದ ಹಾಗಾಯಿತು. ಅಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಕರಕಲು ವಾಸನೆ ಹೊಡೆಯಿತು. ಅವಳು ಹೋಗಿ ಅದನ್ನು ಎತ್ತಿ ಬದಿಗಿಟ್ಟಳು, ಕೆಟ್ಟುಹೋದದ್ದನ್ನು ನೋಡಿದಳು, ಆಮೇಲೆ ನಗತೊಡಗಿದಳು, ಮೊದಲು ಮೂಗಿನಿಂದ, ಆಮೇಲೆ ಒಂದು ಕಣ್ಣು ಮುಚ್ಚಿಕೊಳ್ಳುವಷ್ಟು.

"ಪೆಥ್ರಿಕ್ಕಾ, ನೀನು ಸತ್ತ ಅಂತ ಹೇಳೋಕೆ ಹೊರಟಿದ್ದೆ, ಅಲ್ವಾ?"

"ನಾನಾ? ನಾನ್ಯಾಕಕ್ಕಾ ಹಾಗೆ..."

"ಹೇಳಿದ್ರೆ ಏನಾಗ್ತಿತ್ತು ಗೊತ್ತಾ? ಈ ಬಾಗಿಲು ಬಿದ್ದ ಮೇಲೆ ಅವನು ಗಂಡ ತಾನೆ? ಗಂಡ ಸತ್ರೆ ಮೂರು ಚಳಿಗಾಲ ಕಪ್ಪು ಬಟ್ಟೆ. ಕಟ್ತಿದ್ದೆ ಕಣಯ್ಯಾ, ನಗುನಗ್ತಾ ಕಟ್ತಿದ್ದೆ, ಅಂಥ ಹುಚ್ಚಿ ನಾನು. ಈ ಗೂಟ ಮೂರು ವರ್ಷ ಮುಟ್ಟೋ ಹಾಗಿರ್ಲಿಲ್ಲ ಯಾರೂ." ಮಾತಾಡುತ್ತಲೇ ಗೋಡೆಯ ಕಡೆ ನಡೆದಳು. "ಬದುಕಿದ್ದು, ಪಕ್ಕದ ಕೊಲ್ಲಿಗೆ ಬಂದು, ಬಾಗಿಲು ತಟ್ಟದೆ ಹೋದೋನಿಗೆ ಏನು ಪದ್ಧತಿ? ಅವನಿಗೋಸ್ಕರ ಕಪ್ಪು ಬಟ್ಟೆ ಒಂದು ಸಂಜೇನೂ ಇಲ್ಲ, ಅವನಿನ್ನು ಗಂಡನೂ ಅಲ್ಲ."

ಅವಳು ಕೋಟನ್ನು ಗೂಟದಿಂದ ತೆಗೆದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ಬಿಟ್ಟಿ ಲೋಟ ಬರುತ್ತದೆ, ಅದನ್ನು ಕುಡಿಯಬೇಕು, ಕ್ಯಾಪ್ಟನ್ನನ ಹಾಗೆ ಎತ್ತಿ ತೋರಿಸಬೇಕು. ಜಾಗೊ ಎರಡೂ ಕೈ ಚಾಚಿದ, ಆ ಬ್ರಿಟನಿಯವನು ಕೊಟ್ಟ ರೀತಿಯಲ್ಲೇ ತೆಗೆದುಕೊಳ್ಳಲು. ಅವಳು ಅವನ ಕೈಗೆ ಕೊಡಲಿಲ್ಲ. ಒಲೆಯ ಮುಂದೆ ಮಲಗಿದ್ದ ಮುದಿ ನಾಯಿಯ ಮೇಲೆ ಎಸೆದಳು. ನಾಯಿ ಒಂದು ಕಣ್ಣು ತೆರೆದು, ಗುಂಡಿಯೊಂದನ್ನು ನೆಕ್ಕಿ, ಅದರ ಮೇಲೆ ಹೊರಳಿಕೊಂಡಿತು.

"ಬೇರೆಯವನ ಕೋಟು ತೂಗುಹಾಕಿ ನನ್ನ ಕೇಳೋಕೆ ಬಂದಿದ್ದೀಯಲ್ಲಯ್ಯಾ, ನಾಚಿಕೆ ಆಗ್ಬೇಕು," ಎಂದಳು. "ಕೇಳೋದಾದ್ರೆ ನಿಂದು ಏನಾದ್ರೂ ಹಾಕಿ ಕೇಳು."

ನಿಂದು ಏನಾದ್ರೂ. ಜಾಗೊ ತನ್ನನ್ನು ತಾನು ನೋಡಿಕೊಂಡ. ಅಂಗಿಯ ಕಡೆ ಕೈ ಹೋಯಿತು.

"ಅದು ಆ ಡಚ್ಚನದು," ಎಂದ ತೋಪಿನವನು, ಸಹಾಯ ಮಾಡುವ ಉತ್ಸಾಹದಲ್ಲಿ.

ಚಡ್ಡಿ ಪೋರ್ಚುಗೀಸನದು. ಸೊಂಟದ ಪಟ್ಟಿ ಡನ್‌ಕಿರ್ಕಿನ ಒಬ್ಬನದು, ಅವನು ಬೈದುಕೊಂಡೇ ಕೊಟ್ಟಿದ್ದ. ಬೂಟು ಬ್ರಿಸ್ಟಲ್ಲಿನ ಹಡಗಿನ ಪಾದ್ರಿಯದು. ಮಳೆ ಬಂದಾಗ ಅವು ಪ್ರಾರ್ಥನೆ ಹೇಳುವ ಹಾಗೆ ಪಿಚಪಿಚ ಅನ್ನುತ್ತವೆ ಎಂದು ಪೆಥ್ರಿಕ್ ನೆನಪಿಸಿದ. ಕುತ್ತಿಗೆಯಲ್ಲಿದ್ದ ಸೀಟಿ, ಅದನ್ನೂದಿಯೇ ಅವನು ಇಷ್ಟು ವರ್ಷ ಮೇಸ್ತ್ರಿಯಾಗಿದ್ದದ್ದು, ಸ್ಪೇನಿನ ಯಾವುದೋ ಮೇಸ್ತ್ರಿಯ ಬಾಯಿಯಲ್ಲಿದ್ದದ್ದು. ಒಂದೊಂದಕ್ಕೂ ಹುಡುಗರು ಮಾಲೀಕನ ಹೆಸರು ಕೂಗುತ್ತಿದ್ದರು, ಹರಾಜಿನ ಹಾಗೆ. ಇಷ್ಟು ವರ್ಷ ತಾನು ಎಂದು ಅವನು ಯಾರನ್ನು ಅಂದುಕೊಂಡಿದ್ದನೋ ಆ ಮನುಷ್ಯ ಎಳೆಎಳೆಯಾಗಿ ಬಿಚ್ಚಿಕೊಂಡು ಯಾರುಯಾರದೋ ಮನೆಗೆ ಹೊರಟುಹೋಗುತ್ತಿದ್ದ. ಸ್ವಂತದ್ದು ಎಂದು ಇದ್ದದ್ದು ಒಂದೇ, ಅದು ಕುರಿ ವಾಸನೆ ಹೊಡೆಯುತ್ತ ಬ್ರಿಟನಿಯಲ್ಲಿ ಎಲ್ಲೋ ಬೆಚ್ಚಗಿತ್ತು. ಇದಕ್ಕೆ ಅಳಬೇಕಿತ್ತು. ಆದರೆ ಜಾಗೊಗೆ ನಗು ಬಂತು, ತಡೆಯಲಾಗದ ನಗು, ಇಷ್ಟು ಹಗುರವಾಗಿ ನಿಂತದ್ದು ಅವನಿಗೆ ನೆನಪೇ ಇರಲಿಲ್ಲ.

ಅವನು ಗೋಡೆಯ ಬಳಿ ಹೋದ. ಬಲಗೈ ಎತ್ತಿ, ಅಂಗೈಯನ್ನು ಗೂಟದ ಮೇಲಿಟ್ಟು, ಬೆರಳು ಮಡಿಸಿ, ಹಾಗೇ ನೇತುಹಾಕಿ ನಿಂತ.

"ಇದು ನಂದೇ," ಎಂದ. ಕೂಗಲಿಲ್ಲ. "ಹುಟ್ಟಿದಾಗಿಂದ."

ಅಂಗಡಿ ಬಿದ್ದು ಬಿದ್ದು ನಕ್ಕಿತು. ಫಿನೋಲಾ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು, ಏನೂ ಹೇಳದೆ ಒಲೆಯ ಕಡೆ ತಿರುಗಿ ಹೊಸ ರೊಟ್ಟಿ ತಟ್ಟಿದಳು. ಅವಳು ಲೋಟ ತುಂಬಿದಳು, ಮೇಜು ಒರೆಸಿದಳು, ತೋಪಿನವನ ಜೊತೆ ಬೆಣ್ಣೆಯ ವಿಚಾರಕ್ಕೆ ಜಗಳವಾಡಿದಳು. ಜಾಗೊನ ತೋಳು ಮೊದಲು ನೋಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದ ಹಾಗಾಯಿತು. ಹುಡುಗರು ಸರದಿಯ ಮೇಲೆ ಬಂದು ಮಾತಾಡಿಸಿ ಹೋದರು. ಒಬ್ಬ ತನ್ನ ಒದ್ದೆ ಟೋಪಿಯನ್ನು ಅವನ ಹೆಬ್ಬೆರಳಿಗೆ ಸಿಕ್ಕಿಸಲು ನೋಡಿದ, ಪೆಥ್ರಿಕ್ ಅವನನ್ನು ಒದ್ದು ಕೂರಿಸಿದ. ಇಲ್ಲಿ ಹೀಗೆ ನಿಂತಿರುವುದು ಎಷ್ಟು ಹಾಸ್ಯಾಸ್ಪದ ಎಂದು ಜಾಗೊಗೆ ಚೆನ್ನಾಗಿ ಗೊತ್ತಿತ್ತು. ಇಳಿಸಲು ಮಾತ್ರ ಮನಸ್ಸಿರಲಿಲ್ಲ.

ಕೊನೆಗೆ ಅವಳು ಬಂದಳು. ನೇರ ಗೂಟದ ಹತ್ತಿರ ಬಂದು ಅವನ ಮಣಿಕಟ್ಟಿಗೆ ಕೈ ಹಾಕಿದಳು. ಜಾಗೊ ಕಣ್ಣು ಮುಚ್ಚಿಕೊಂಡ. ತೆಗೆದುಬಿಡುತ್ತಾಳೆ. ತೆಗೆದು ತನ್ನ ಕೈಯನ್ನು ತನ್ನ ಕೈಗೇ ಕೊಡುತ್ತಾಳೆ.

"ಈ ತೋಳು ಡಚ್ಚನದು," ಎಂದಳು ಫಿನೋಲಾ. ಅಂಗಿಯ ತೋಳನ್ನು ಒಂದೊಂದೇ ಮಡಿಕೆ ಮಾಡಿ ಮೊಣಕೈಯಿಂದ ಮೇಲಕ್ಕೆ ಸರಿಸಿದಳು, ಕೈಯನ್ನು ಇದ್ದಲ್ಲೇ ಬಿಟ್ಟಳು. ಆಮೇಲೆ ತಿರುಗಿ ಅಂಗಡಿಗೆ ಹೇಳಿದಳು: "ಏಳಿ ಏಳಿ, ಎಲ್ಲರೂ ಏಳಿ. ಬಾಗಿಲು ಹಾಕ್ತೀನಿ."

"ಇನ್ನೂ ಬಿಸಿಲಿದೆ ಅಕ್ಕಾ!"

"ಬಿಸಿಲು ಹೊರಗಿದೆ, ಹೊರಗೆ ಹೋಗಿ ಕಾಯ್ಸಿಕೊಳ್ಳಿ."

ಅವರು ಹೋದರು. ಹೋಗುತ್ತ ಒಬ್ಬೊಬ್ಬರೂ ಜಾಗೊನ ಬೆನ್ನಿಗೆ ಗುದ್ದಿಯೇ ಹೋದರು. ಮತ್ತೆ ಒಳಗೆ ಬಂದಿದ್ದ ಕೋಳಿಯನ್ನೂ ಆಚೆ ಅಟ್ಟಿ, ಅವಳು ಎರಡು ಕದಗಳನ್ನು ಎಳೆದು ಅಡ್ಡಗೋಲು ಹಾಕಿದಳು. ಹೊರಗಿನಿಂದ ಪೆಥ್ರಿಕ್, "ಫಿನೋಲಕ್ಕಾ, ನನ್ನ ಲೋಟ ಒಳಗೇ ಉಳೀತು, ಅರ್ಧ ತುಂಬಿದೆ!" ಎಂದು ಬಾಗಿಲು ಬಡಿದ.

"ಬಾಗಿಲು ಹಾಕಾಯ್ತು ಕಣಯ್ಯಾ," ಎಂದಳು ಅವಳು, ಪೆಥ್ರಿಕ್ಕನಿಗಲ್ಲ. "ಇನ್ನಾದ್ರೂ ಕೈ ಇಳಿಸು."

ಜಾಗೊ ಇಳಿಸಲು ನೋಡಿದ. ಆಗಲಿಲ್ಲ, ತೋಳು ಪೂರ್ತಿ ಮರಗಟ್ಟಿತ್ತು. ಅವಳೇ ಹತ್ತಿರ ಬಂದು ಎರಡೂ ಕೈಯಿಂದ ಹಿಡಿದು ಇಳಿಸಬೇಕಾಯಿತು.